ಪಟ್ಟಿಯಲ್ಲಿ ಏಳನೆಯ ಹೆಸರು

ಮಡಿಕೇರಿಗೆ ಶಾಸಕರ ಸಮಿತಿ ಬರುತ್ತದಂತೆ ಎಂಬ ಸುದ್ದಿ ನನಗೆ ಸಿಕ್ಕಿದ್ದು ಕುಶಾಲನಗರದ ಪೆಟ್ರೋಲ್ ಬಂಕಿನಲ್ಲಿ. ನನ್ನ ಆಪೆ ಆಟೋಗೆ ಡೀಸೆಲ್ ಹಾಕಿಸುತ್ತಾ ನಿಂತಿದ್ದೆ. ಮುಂದಿದ್ದ ಪಿಕಪ್ಪಿನವನು ಪೇಪರ್ ಬಿಡಿಸಿಕೊಂಡು ಗಟ್ಟಿಯಾಗಿ ಓದುತ್ತಿದ್ದ. ಸಮಿತಿಯ ಮುಂದೆ ಮೂರು ಮಸೂದೆಗಳಿವೆ, ಜಿಲ್ಲೆ ಜಿಲ್ಲೆಗೂ ಬಂದು ಜನರ ಮಾತು ಕೇಳಿ ಆಮೇಲೆ ಸದನಕ್ಕೆ ವರದಿ ಕೊಡುತ್ತಾರೆ. ಒಂದು ಪೆಟ್ರೋಲ್, ಡೀಸೆಲ್ ತೆರಿಗೆಯದು. ಇನ್ನೊಂದು ಮಾಜಿ ಸೈನಿಕರಿಗೆ ಸರ್ಕಾರಿ ಕೆಲಸ ಕೊಡುವುದರದು. ಮೂರನೆಯದು ಡಾಕ್ಟರು, ನರ್ಸುಗಳ ನೋಂದಣಿಯದು. ಮೊದಲನೆಯದು ನನ್ನ ಹೊಟ್ಟೆಪಾಡು, ಉಳಿದೆರಡು ನನ್ನ ಗಂಡನ ಹಣೆಬರಹ. ಒಂದೇ ಮನೆಗೆ ಮೂರು ಮಸೂದೆ! ಟ್ಯಾಂಕಿನ ಮುಚ್ಚಳ ಹಾಕುವುದನ್ನೂ ಮರೆತು ನಾನು ಗಾಡಿ ಸ್ಟಾರ್ಟ್ ಮಾಡಿದೆ, ಬಂಕಿನ ಹುಡುಗಿ ಮುಚ್ಚಳ ಹಿಡಿದುಕೊಂಡು ಹಿಂದೆ ಓಡಿ ಬಂದಳು.

ನಮ್ಮ ಮನೆಯವರು ಸೈನ್ಯದ ವೈದ್ಯಕೀಯ ದಳದಲ್ಲಿ ನರ್ಸಿಂಗ್ ಅಸಿಸ್ಟೆಂಟ್ ಆಗಿದ್ದವರು. ಹದಿನೆಂಟಕ್ಕೆ ಸೇರಿ ಇಪ್ಪತ್ತನಾಲ್ಕು ವರ್ಷ ದುಡಿದು ಹವಾಲ್ದಾರ್ ಆಗಿ ಹೊರಗೆ ಬಂದರು. ಹಿಮದಲ್ಲಿ ಕಾಲ್ಬೆರಳು ಕಪ್ಪಾದವರಿಗೆ ಪಟ್ಟಿ ಕಟ್ಟಿದ್ದಾರೆ, ಹೆಲಿಕಾಪ್ಟರಿನಲ್ಲಿ ಡ್ರಿಪ್ ಬಾಟಲಿ ಎತ್ತಿ ಹಿಡಿದು ಕೂತಿದ್ದಾರೆ, ಆಪರೇಷನ್ ಮಾಡುವಾಗ ಸರ್ಜನ್ ಕೈ ಚಾಚುವ ಮುಂಚೆಯೇ ಕತ್ತರಿ ಕೊಟ್ಟಿದ್ದಾರೆ. ಊರಿಗೆ ಬಂದು ಆಸ್ಪತ್ರೆಗಳ ಮೆಟ್ಟಿಲು ಹತ್ತಿದರೆ ಎಲ್ಲ ಕಡೆಯೂ ಒಂದೇ ಪ್ರಶ್ನೆ, ರಾಜ್ಯದ ನೋಂದಣಿ ಎಲ್ಲಿ? ಸೈನ್ಯದ ಸರ್ಟಿಫಿಕೇಟ್ ಇಲ್ಲಿ ನಡೆಯುವುದಿಲ್ಲ ಎಂದರು. ಕೊನೆಗೆ ದುಬಾರೆ ಕಡೆಯ ಒಂದು ರೆಸಾರ್ಟಿನಲ್ಲಿ ಗೇಟು ಕಾಯುವ ಕೆಲಸ ಸಿಕ್ಕಿತು. ಆನೆ ನೋಡಲು ಬರುವ ಕಾರುಗಳಿಗೆ ಗೇಟು ತೆಗೆದು ಸೆಲ್ಯೂಟ್ ಹೊಡೆಯಬೇಕು. "ಡ್ಯೂಟಿ ಅಂದ್ರೆ ಡ್ಯೂಟಿ ಕಣೆ, ಅದ್ರಲ್ಲಿ ಮೇಲು ಕೀಳು ಏನ್ ಬಂತು" ಎನ್ನುತ್ತಿದ್ದರು. ಅವರಿಗಿಲ್ಲದ ಬೇಜಾರೆಲ್ಲ ನನಗಿತ್ತು. ಒಳಗೆ ಕಾಲು ಮೇಲೆ ಕಾಲು ಹಾಕಿ ಚಿಪ್ಸ್ ತಿನ್ನುತ್ತಾ ಕೂತವರು ಇವರತ್ತ ಕಣ್ಣೆತ್ತಿಯೂ ನೋಡದೆ ಹೋಗುವುದನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತಿತ್ತು.

ಅವತ್ತು ಸಂಜೆ ಇಬ್ಬರೂ ಅಡುಗೆಮನೆಯ ಕಟ್ಟೆಗೆ ಒರಗಿ ನಿಂತು ಮೊಬೈಲಿನಲ್ಲಿ ಆ ನೋಂದಣಿ ಮಸೂದೆಯ ಪ್ರತಿ ಹುಡುಕಿ ಓದಿದೆವು. ಸೈನ್ಯದಲ್ಲಿ ಈ ಕೆಲಸ ಮಾಡಿದವರು ಆರು ತಿಂಗಳ ತರಬೇತಿ ಮುಗಿಸಿ ಪರೀಕ್ಷೆ ಪಾಸಾದರೆ ರಾಜ್ಯದ ನೋಂದಣಿ ಸಿಗುತ್ತದೆ, ಹಳ್ಳಿಗಳ ಆರೋಗ್ಯ ಉಪಕೇಂದ್ರಗಳಲ್ಲಿ ಕೆಲಸವೂ ಸಿಗುತ್ತದೆ ಎಂದು ಬರೆದಿತ್ತು. ನಾನು ಕುಣಿದೇ ಬಿಟ್ಟೆ. ಒಲೆಯ ಮೇಲೆ ಸಾರು ಉಕ್ಕುತ್ತಿತ್ತು, ಉಕ್ಕಲಿ ಎಂದು ಬಿಟ್ಟೆ. ಅವರು ಮಾತ್ರ ಗಂಭೀರವಾಗಿ ಓದುತ್ತಾ ಹೋಗಿ ಒಂದು ಕಡೆ ಬೆರಳಿಟ್ಟರು. ಅರ್ಜಿದಾರನ ವಯಸ್ಸು ನಲವತ್ತೈದು ಮೀರಿರಬಾರದು. ಅವರಿಗೆ ನಲವತ್ತಾರು ತುಂಬಿ ಎರಡು ತಿಂಗಳಾಗಿತ್ತು.

"ಹೋಗ್ಲಿ ಬಿಡು. ನನ್ನ ಹಿಂದೆ ಬರೋ ಹುಡುಗ್ರಿಗಾದ್ರೂ ಆಗ್ತದೆ" ಎಂದರು.

ನಾನು ಬಿಡುವವಳೇ? ಮಸೂದೆ ಎಂದರೆ ಇನ್ನೂ ಹಸಿ ಮಣ್ಣು, ಸುಟ್ಟ ಮಡಕೆಯಲ್ಲ. ಒಂದು ಸಾಲು ತಿದ್ದಿದರೆ ಸಾಕು. ವಯಸ್ಸನ್ನು ಇವತ್ತಿನ ಲೆಕ್ಕಕ್ಕೆ ತೆಗೆದುಕೊಳ್ಳದೆ, ಸೈನ್ಯದಿಂದ ಹೊರಬಂದ ದಿನದ ಲೆಕ್ಕಕ್ಕೆ ತೆಗೆದುಕೊಳ್ಳಿ ಎಂದು ಕೇಳಿದರಾಯಿತು. ಕೇಳಲು ಸಮಿತಿಯೇ ಮಡಿಕೇರಿಗೆ ಬರುತ್ತಿದೆ. ಇದಕ್ಕಿಂತ ಒಳ್ಳೆಯ ಗಳಿಗೆ ಇನ್ಯಾವುದು?

ನಮ್ಮ ಕಡೆಯ ಮಾಜಿ ಸೈನಿಕರ ಸಂಘ ಸಭೆ ಸೇರಿತು. ಸಂಘದ ಅಧ್ಯಕ್ಷರು ಒಬ್ಬ ಕರ್ನಲ್, ಕೊಡವರು, ಎಂಬತ್ತರ ಹತ್ತಿರದವರು, ಇಸ್ತ್ರಿ ಮಾಡದ ಕರವಸ್ತ್ರವನ್ನೂ ಜೇಬಿಗೆ ಹಾಕಿಕೊಳ್ಳದ ಮನುಷ್ಯ. ಸಮಿತಿಯ ಮುಂದೆ ಸಂಘಕ್ಕೆ ಅರ್ಧ ಗಂಟೆ ಸಿಕ್ಕಿತ್ತು, ಏಳು ಜನ ಮಾತಾಡಬಹುದಿತ್ತು. ಅವರು ಪಟ್ಟಿ ಓದಿದರು. ಮೊದಲು ಕರ್ನಲ್, ಆಮೇಲೆ ಮೇಜರ್, ಆಮೇಲೆ ಕ್ಯಾಪ್ಟನ್, ಹೀಗೆ ಇಳಿಯುತ್ತಾ ಇಳಿಯುತ್ತಾ ಏಳನೆಯ ಹೆಸರು ನಮ್ಮ ಹವಾಲ್ದಾರರದು. ಕೊಡಗಿನಲ್ಲಿ ಇದು ಹೊಸದೇನಲ್ಲ. ಸೈನ್ಯ ಬಿಟ್ಟು ಮೂವತ್ತು ವರ್ಷವಾದರೂ ಇಲ್ಲಿಯವರಿಗೆ ದರ್ಜೆ ಮರೆಯುವುದಿಲ್ಲ. ಮದುವೆ ಮನೆಯಲ್ಲಿ ಕುರ್ಚಿ ಹಿಡಿಯುವಾಗಲೂ, ಸಾವಿನ ಮನೆಯಲ್ಲಿ ಹೂ ಇಡುವಾಗಲೂ ಸುಬೇದಾರನಿಗಿಂತ ಮುಂಚೆ ಹವಾಲ್ದಾರ ಕೈ ಚಾಚುವುದಿಲ್ಲ.

ಹೆಂಡತಿಯರು ಹಿಂದಿನ ಬೆಂಚಿನಲ್ಲಿ ಸುಮ್ಮನೆ ಕೂತು ಕಾಫಿ ಕುಡಿಯಬೇಕು ಎಂಬುದು ಅಲ್ಲಿನ ರೂಢಿ. ನಾನು ಎದ್ದು ನಿಂತೆ.

"ಸಾರ್, ಇಲ್ಲಿರೋರಲ್ಲಿ ಆಸ್ಪತ್ರೆ ಕೆಲಸ ಮಾಡಿದೋರು ಇವ್ರೊಬ್ರೇ. ಮಸೂದೇಲಿರೋ ಆ ವಯಸ್ಸಿನ ಸಾಲು ತಟ್ಟೋದೂ ಇವ್ರಿಗೇ. ಇವ್ರು ಮೊದಲು ಮಾತಾಡ್ಲಿ."

"ನೋಡಮ್ಮಾ," ಎಂದರು ಕರ್ನಲ್, ಕೋಪವಿಲ್ಲದೆ, "ನಾವು ಡಿಸಿಪ್ಲಿನ್ ಬಿಟ್ರೆ ನಮಗೂ ಸಂತೆಗೂ ಏನ್ ವ್ಯತ್ಯಾಸ? ಎಲ್ಲರೂ ನಾಲ್ಕು ನಾಲ್ಕು ನಿಮಿಷ. ನಿನ್ನ ಯಜಮಾನ್ರ ಟರ್ನ್ ಬಂದೇ ಬರ್ತದೆ."

ಭಾಗಮಂಡಲದ ಕಡೆಯ ಒಬ್ಬ ಸುಬೇದಾರರು ನನ್ನನ್ನು ಸಮಾಧಾನ ಮಾಡಲು "ಆಕು ಆಕು, ಎಲ್ಲ ಆಕು" ಎಂದು ತಮ್ಮ ಅರೆಭಾಷೆಯಲ್ಲಿ ಹೇಳಿದರು. ಆಗುತ್ತದೆ, ಎಲ್ಲ ಆಗುತ್ತದೆ ಎಂದು. ನಾನು ನಮ್ಮವರ ಮುಖ ನೋಡಿದೆ. ಅವರು ಕರ್ನಲ್ ಹೇಳಿದ್ದಕ್ಕೆ ತಲೆದೂಗುತ್ತಿದ್ದರು! ತನ್ನ ಬಾಯಿಗೆ ಬರುವ ತುತ್ತನ್ನು ಇನ್ನೊಬ್ಬರ ಎಲೆಗೆ ಬಡಿಸಿ ಕೈ ತೊಳೆದುಕೊಳ್ಳುವ ಜಾತಿ. ಮನೆಗೆ ಬರುವವರೆಗೂ ನಾನು ಅವರ ಹತ್ತಿರ ಮಾತಾಡಲಿಲ್ಲ.

ಆದರೂ ಮಾರನೆಯ ದಿನದಿಂದ ತಾಲೀಮು ಶುರುವಾಯಿತು. ನಾಲ್ಕು ನಿಮಿಷಕ್ಕೆ ಸರಿಯಾಗಿ ಅವರು ಒಂದೂವರೆ ಪುಟ ಬರೆದರು, ಮುತ್ತಿನಂಥ ಅಕ್ಷರ. ಬೆಳಿಗ್ಗೆ ನಾನು ಆಪೆ ಒರೆಸುವಾಗ ಅವರು ಅದರ ಮುಂದೆ ಅಟೆನ್ಷನ್ ನಿಂತು ಗಾಜಿಗೆ ಭಾಷಣ ಮಾಡುತ್ತಿದ್ದರು. "ಮಾನ್ಯ ಅಧ್ಯಕ್ಷರೇ" ಎನ್ನುವಾಗ ಪ್ರತಿ ಸಲವೂ ಗಂಟಲು ಸರಿ ಮಾಡಿಕೊಳ್ಳುತ್ತಿದ್ದರು. "ಅಧ್ಯಕ್ಷರಿಗೇನು ಕೆಮ್ಮಾ, ನಿಮಗಾ?" ಎಂದು ನಾನು ರೇಗಿಸುತ್ತಿದ್ದೆ. ವಾರ ಕಳೆಯುವುದರೊಳಗೆ ಇಡೀ ಭಾಷಣ ನನಗೂ ಬಾಯಿಪಾಠ ಆಗಿತ್ತು.

ಈ ನಡುವೆ ನಮ್ಮ ಆಟೋ ಸ್ಟ್ಯಾಂಡಿನವರೂ ಸಭೆ ಸೇರಿ ಡೀಸೆಲ್ ತೆರಿಗೆಯ ಬಗ್ಗೆ ಮಾತಾಡಲು ಯಾರನ್ನು ಕಳಿಸುವುದು ಎಂದು ಯೋಚಿಸಿದರು. ಹನ್ನೊಂದು ಗಂಡಸರ ಬೆರಳು ಒಟ್ಟಿಗೆ ನನ್ನ ಕಡೆ ತಿರುಗಿತು. "ಅಕ್ಕ, ನಿನ್ನ ಬಾಯಿ ಇರೋವಾಗ ನಮಗ್ಯಾಕೆ ಮೈಕು" ಎಂದ ಒಬ್ಬ. ನನಗೆ ಸಿಕ್ಕಿದ್ದು ಮೂರು ನಿಮಿಷ. ಊಟದ ನಂತರದ ಸರದಿ.

ಆ ದಿನ ಬೆಳಿಗ್ಗೆ ನನ್ನ ಆಪೆಯನ್ನು ನೀವು ನೋಡಬೇಕಿತ್ತು! ಬ್ಲೇಜರ್ ತೊಟ್ಟು, ಎದೆಯ ಮೇಲೆ ಪದಕಗಳನ್ನು ತೂಗುಬಿಟ್ಟ ನಾಲ್ವರು ಮಾಜಿ ಸೈನಿಕರು ಹಿಂದೆ ಮೊಣಕಾಲಿಗೆ ಮೊಣಕಾಲು ತಾಗಿಸಿ ಕೂತಿದ್ದರು. ಅಲ್ಲೂ ದರ್ಜೆ ಪ್ರಕಾರವೇ, ನಮ್ಮವರು ಬಾಗಿಲ ಪಕ್ಕ. ಆನೆಕಾಡು ದಾಟಿ ಸುಂಟಿಕೊಪ್ಪದ ಆಚೆ ಏರು ಸಿಕ್ಕಾಗ ಗಾಡಿ ಏದುಸಿರು ಬಿಡತೊಡಗಿತು. ಹಿಂದಿನಿಂದ ಬಸ್ಸಿನವನು ಹಾರ್ನ್ ಮೇಲೆ ಹಾರ್ನ್. ತಿರುವು ತಿರುವಿಗೂ ಪದಕಗಳು ಗಲಗಲ ಎನ್ನುತ್ತಿದ್ದವು. ನನಗೋ ಸಂತೋಷವೋ ಸಂತೋಷ. ಕಾನೂನು ಮಾಡುವ ಜನರನ್ನು ಅಲ್ಲಿಯವರೆಗೆ ನಾನು ನೋಡಿದ್ದು ಚುನಾವಣೆಯ ಜೀಪಿನ ಮೇಲೆ, ಕೈ ಮುಗಿದುಕೊಂಡಿದ್ದಾಗ ಮಾತ್ರ. ಇವತ್ತು ಅವರು ಕೂತು ನನ್ನ ಮಾತು ಕೇಳುತ್ತಾರೆ! ದಾರಿಯುದ್ದಕ್ಕೂ ಹಾಡಿಕೊಂಡೇ ಗಾಡಿ ಓಡಿಸಿದೆ, ಯಾವ ಹಾಡು ಎಂದು ನೆನಪಿಲ್ಲ.

ಸಭೆ ನಡೆದದ್ದು ಒಂದು ಉದ್ದನೆಯ ಹಾಲಿನಲ್ಲಿ. ವೇದಿಕೆಯ ಮೇಲೆ ಎಂಟು ಜನ ಶಾಸಕರು. ನಡುವೆ ನರೆತ ಮೀಸೆಯ ಅಧ್ಯಕ್ಷರು. ಅವರ ಎಡಕ್ಕೆ ಕನ್ನಡಕ ಹಾಕಿದ ಒಬ್ಬ ಶಾಸಕಿ ಇದ್ದರು, ರಾಜಕೀಯಕ್ಕೆ ಬರುವ ಮುಂಚೆ ಡಾಕ್ಟರಾಗಿದ್ದವರಂತೆ. ಪಕ್ಕದಲ್ಲಿ ಆರೋಗ್ಯ ಇಲಾಖೆಯ ಅಧಿಕಾರಿಗಳ ಸಾಲು. ಮೂಲೆಯಲ್ಲಿ ಒಬ್ಬರು ಎಲ್ಲರ ಮಾತನ್ನೂ ಶೀಘ್ರಲಿಪಿಯಲ್ಲಿ ಬರೆದುಕೊಳ್ಳುತ್ತಿದ್ದರು. ನನಗೆ ಆಶ್ಚರ್ಯವೆಂದರೆ ಶಾಸಕರು ನಿಜವಾಗಿಯೂ ಮಸೂದೆ ಓದಿಕೊಂಡು ಬಂದಿದ್ದರು. ಪುಟ ಪುಟಕ್ಕೂ ಹಳದಿ ಚೀಟಿ ಅಂಟಿಸಿದ್ದರು, ಒಬ್ಬರ ಪ್ರಶ್ನೆಗೆ ಇನ್ನೊಬ್ಬರು ಅಡ್ಡ ಪ್ರಶ್ನೆ ಹಾಕುತ್ತಿದ್ದರು. ಟಿವಿಯಲ್ಲಿ ಕಿರುಚಾಡುವವರು ಇವರೇನಾ ಎನ್ನಿಸಿತು.

ಸೈನಿಕರ ಸರದಿ ಬಂತು. ಕರ್ನಲ್ ಎದ್ದು ಕೋಟಿನ ಗುಂಡಿ ಹಾಕಿಕೊಂಡರು. ಬಹಳ ಚೆನ್ನಾಗಿ ಮಾತಾಡಿದರು, ಅದೇ ತೊಂದರೆಯಾಯಿತು. ಕೊಡಗಿನವರು ಬ್ರಿಟಿಷರ ಕಾಲದಲ್ಲಿ ಸೈನ್ಯ ಸೇರಿದಲ್ಲಿಂದ ಶುರು ಮಾಡಿದರು. ನಾಲ್ಕು ನಿಮಿಷ ಕಳೆಯಿತು, ಎಂಟು ಕಳೆಯಿತು, ಇನ್ನೂ ಸ್ವಾತಂತ್ರ್ಯವೇ ಬಂದಿರಲಿಲ್ಲ. ಅವರ ಪಕ್ಕದಲ್ಲಿ ಕೂತಿದ್ದ ಮೇಜರ್ ಕೈಗಡಿಯಾರ ನೋಡಿಕೊಂಡರೇ ಹೊರತು ಬಾಯಿ ಬಿಡಲಿಲ್ಲ. ಹಿರಿಯ ಅಧಿಕಾರಿ ಮಾತಾಡುವಾಗ "ಸಾರ್, ಟೈಮು" ಎನ್ನುವ ಧೈರ್ಯ ಆ ಸಾಲಿನಲ್ಲಿ ಯಾರಿಗಿದೆ? ಗುಂಡಿಗೆ ಎದೆಯೊಡ್ಡಿದವರೆಲ್ಲ ಸೀನಿಯರ್ ಮುಂದೆ ಬಾಯಿಗೆ ಬೀಗ ಹಾಕಿಕೊಂಡು ಕೂತಿದ್ದರು. ಹದಿನಾರು ನಿಮಿಷವಾದ ಮೇಲೆ ಕರ್ನಲ್ ಕೂತರು. ಮೇಜರ್ ಸೈನಿಕರ ಕ್ಯಾಂಟೀನಿನ ಮುಂದಿನ ಪಾರ್ಕಿಂಗ್ ಬಗ್ಗೆ ಆರು ನಿಮಿಷ ಹೇಳಿದರು. ಕ್ಯಾಪ್ಟನ್ ಅದನ್ನೇ ಇಂಗ್ಲಿಷಿನಲ್ಲಿ ಹೇಳಿದರು. ಸುಬೇದಾರರು ಎದ್ದು ನಮಸ್ಕಾರ ಮಾಡುವುದಕ್ಕೂ ಗಂಟೆ ಬಾರಿಸುವುದಕ್ಕೂ ಸರಿಹೋಯಿತು.

"ಉಳಿದವರು ಲಿಖಿತವಾಗಿ ಕೊಡಿ" ಎಂದರು ಅಧ್ಯಕ್ಷರು.

ನಮ್ಮವರು ಎದ್ದು ನಿಂತಿದ್ದರು. ಕೈಯಲ್ಲಿ ಆ ಒಂದೂವರೆ ಪುಟ. "ಯೆಸ್ ಸಾರ್" ಎಂದು ಕಾಗದ ಮಡಚಿ ಕೂತರು. ಅಷ್ಟೇ. ವಯಸ್ಸಿನ ಸಾಲಿನ ಬಗ್ಗೆ ಇಡೀ ಅರ್ಧ ಗಂಟೆಯಲ್ಲಿ ಯಾರೂ ಒಂದು ಮಾತೂ ಆಡಿರಲಿಲ್ಲ.

ಊಟಕ್ಕೆ ಬಿಟ್ಟಾಗ ನಾನು ಊಟ ಮಾಡಲಿಲ್ಲ. ನಮ್ಮವರು ಚಿತ್ರಾನ್ನದ ತಟ್ಟೆ ಹಿಡಿದು ನನ್ನ ಹತ್ತಿರ ಬಂದರು.

"ಸಾಹೇಬ್ರು ಚೆನ್ನಾಗಿ ಮಾತಾಡಿದ್ರು ಅಲ್ವಾ" ಎಂದರು.

"ಚೆನ್ನಾಗಿ ಮಾತಾಡಿದ್ರು. ನಿಮ್ಮ ಹೊಟ್ಟೆ ಮೇಲೆ ಕಲ್ಲು ಹಾಕಿ ಚೆನ್ನಾಗಿ ಮಾತಾಡಿದ್ರು. ನೀವು ಒಂದ್ಸಲ ಕೈ ಎತ್ತಕ್ಕೇನಾಗಿತ್ತು?"

"ಹಂಗೆಲ್ಲ ಎತ್ತಕ್ಕಾಗಲ್ಲ ಕಣೆ."

"ಗೇಟ್ ಎತ್ತಕ್ಕಾಯ್ತದೆ, ಕೈ ಎತ್ತಕ್ಕಾಗಲ್ಲ!" ಎಂದುಬಿಟ್ಟೆ. ಅಂದ ಮೇಲೆ ನಾಲಿಗೆ ಕಚ್ಚಿಕೊಂಡೆ. ಅವರು ತಟ್ಟೆಯನ್ನು ನನ್ನ ಪಕ್ಕದ ಕಟ್ಟೆಯ ಮೇಲಿಟ್ಟು ಹೋದರು.

ನನ್ನ ಹತ್ತಿರ ಮೂರು ನಿಮಿಷ ಇತ್ತು. ಆದರೆ ಅದು ನನ್ನದಲ್ಲ, ಸ್ಟ್ಯಾಂಡಿನ ಹನ್ನೊಂದು ಜನರದು. ಅವರು ನಂಬಿ ಕಳಿಸಿದ್ದಾರೆ, ಗಂಡನ ಕೆಲಸ ಕೇಳಿಕೊಂಡು ಬಾ ಎಂದಲ್ಲ. ಕಟ್ಟೆಯ ಮೇಲೆ ಕೂತು ಲೆಕ್ಕ ಹಾಕಿದೆ. ಎರಡು ನಿಮಿಷ ಡೀಸೆಲ್, ಕೊನೆಯ ಒಂದು ನಿಮಿಷ ನನ್ನದು.

ನನ್ನನ್ನು ಕರೆದರು. ಮೈಕು ನನ್ನ ಎತ್ತರಕ್ಕೆ ಬಗ್ಗಲಿಲ್ಲ, ನನ್ನ ಗಂಟಲಿಗೆ ಅದು ಬಗ್ಗುವುದೂ ಬೇಕಿರಲಿಲ್ಲ.

"ಸ್ವಾಮಿ, ನಮ್ಮ ಜಿಲ್ಲೇಲಿ ರೈಲಿಲ್ಲ. ಉಪ್ಪಿಂದ ಹಿಡಿದು ಗ್ಯಾಸ್ ಸಿಲಿಂಡರ್ ತನಕ ಎಲ್ಲಾ ಡೀಸೆಲ್ ಕುಡ್ಕೊಂಡೇ ಘಾಟಿ ಹತ್ತಿ ಬರೋದು. ಬಯಲುಸೀಮೇಲಿ ಒಂದು ಲೀಟರಿಗೆ ಗಾಡಿ ಎಷ್ಟು ದೂರ ಓಡ್ತದೋ ಅಷ್ಟು ದೂರ ನಮ್ಮ ಏರಲ್ಲಿ ಓಡಲ್ಲ. ತೆರಿಗೆ ಮಾತ್ರ ಇಬ್ರಿಗೂ ಒಂದೇ. ಬೊಕ್ಕಸ ಖಾಲಿ ಆದಾಗೆಲ್ಲ ಡೀಸೆಲ್ ಮೇಲೆ ಹಾಕ್ತೀರಿ. ಎತ್ತಿಗೆ ಜ್ವರ ಬಂದ್ರೆ ಎಮ್ಮೆಗೆ ಬರೆ ಹಾಕಿದ್ರಂತೆ!"

ಶಾಸಕರು ನಕ್ಕರು. ಒಬ್ಬರು ಅದನ್ನು ಬರೆದುಕೊಂಡರು. ಹಿಂದೆ ನಮ್ಮ ಸ್ಟ್ಯಾಂಡಿನವನು ಯಾರೋ ಚಪ್ಪಾಳೆ ತಟ್ಟಿದ. ನನಗೆ ಹುರುಪು ಏರಿತು. ಬೆಟ್ಟದ ಗಾಡಿಗಳಿಗೆ ತೆರಿಗೆಯಲ್ಲಿ ರಿಯಾಯಿತಿ ಕೊಡಿ ಎಂಬ ಸ್ಟ್ಯಾಂಡಿನ ಬೇಡಿಕೆಯನ್ನು ಪೂರ್ತಿ ಹೇಳಿ ಮುಗಿಸಿ, ಉಸಿರೆಳೆದುಕೊಂಡು ನನ್ನ ನಿಮಿಷಕ್ಕೆ ಬಂದೆ.

"ಇನ್ನೊಂದು ಮಾತು. ಆಂಬುಲೆನ್ಸ್ ಬರೋದು ತಡ ಆದ್ರೆ ಜನ ನನ್ನ ಗಾಡಿಗೇ ಫೋನ್ ಮಾಡ್ತಾರೆ. ಒಂದ್ಸಲ ಬೆಳಿಗ್ಗೆ ಕಾಫಿ ಎಸ್ಟೇಟಿನ ಲೈನ್ ಮನೆಯಿಂದ ಬಸುರಿ ಹೆಂಗ್ಸನ್ನ ಕರ್ಕೊಂಡು ಬರ್ತಿದ್ದೆ. ಆನೆಕಾಡಲ್ಲಿ ರಸ್ತೆ ಮಧ್ಯ ಒಂಟಿ ಆನೆ. ಮುಂದಕ್ಕೂ ಇಲ್ಲ, ಹಿಂದಕ್ಕೂ ಇಲ್ಲ. ಗಾಡೀಲೇ ಹೆರಿಗೆ ಆಯ್ತು. ತಾಯಿ ಮಗು ಇಬ್ರೂ ಚೆನ್ನಾಗವ್ರೆ. ಯಾಕಂದ್ರೆ ಜೊತೇಲಿ ನಮ್ಮ ಮನೆಯವ್ರಿದ್ರು. ಅಂಥೋರು ಇವತ್ತು ಗೇಟ್ ಕಾಯ್ತಾವ್ರೆ ಸ್ವಾಮಿ!"

"ಅಮ್ಮಾ, ಇದು ತೈಲ ತೆರಿಗೆಯ ವಿಚಾರ" ಎಂದರು ಅಧ್ಯಕ್ಷರು. ಆದರೆ ಡಾಕ್ಟರ್ ಶಾಸಕಿ ಕೈ ಎತ್ತಿ ಅವರನ್ನು ತಡೆದರು.

"ನಿಮ್ಮ ಯಜಮಾನರು ನರ್ಸಾ? ನೋಂದಣಿ ಇದೆಯಾ?"

"ಸೈನ್ಯದಲ್ಲಿ..." ಎಂದೆ.

"ಸೈನ್ಯದ್ದಲ್ಲ, ರಾಜ್ಯದ್ದು."

"ಇಲ್ಲ."

"ಹೆರಿಗೆ ತುರ್ತು, ಸರಿ. ಅದೊಂದೇ ಸಲವಾ ಅಥವಾ ಬೇರೆ ಚಿಕಿತ್ಸೆಯನ್ನೂ ಕೊಡ್ತಾರಾ?"

ಬಾಯಿ ಬಿಟ್ಟರೆ ಬಣ್ಣಗೇಡು ಎನ್ನುತ್ತಾರಲ್ಲ, ಅದು ಏನೆಂದು ಆಗ ತಿಳಿಯಿತು. ಆರೋಗ್ಯ ಇಲಾಖೆಯ ಸಾಲಿನಲ್ಲಿ ಎಲ್ಲರ ತಲೆಯೂ ಮೇಲೆದ್ದಿತ್ತು. ನಮ್ಮವರು ಮನೆಗೆ ಬಂದವರಿಗೆ ಇಂಜೆಕ್ಷನ್ ಹಾಕುತ್ತಿದ್ದರು, ನೋಂದಣಿ ಇಲ್ಲದೆ ಹಾಕುವುದು ಅಪರಾಧ. ಅದರ ಸುಳಿವನ್ನು ಕಾನೂನು ಮಾಡುವವರ ಮುಂದೆಯೇ, ಅಧಿಕಾರಿಗಳ ಎದುರಿಗೇ, ಹೆಂಡತಿಯಾದ ನಾನೇ ಮೈಕಿನಲ್ಲಿ ಬಿಟ್ಟುಕೊಟ್ಟಿದ್ದೆ! ಅದೊಂದೇ ಸಲ ಎಂಬ ಸುಳ್ಳು ನನ್ನ ನಾಲಿಗೆಯ ಮೇಲೆ ಸಿದ್ಧವಾಗಿತ್ತು.

"ಒಂದೇ ಸಲ ಅಲ್ಲ ಮೇಡಂ."

ಹಿಂದಿನಿಂದ ಬಂದ ದನಿ. ನಮ್ಮವರು ಎದ್ದು ನಿಂತಿದ್ದರು.

ಅಧ್ಯಕ್ಷರು ಬರೆದುಕೊಳ್ಳುವವರ ಕಡೆ ತಿರುಗಿ, "ಇದು ದಾಖಲೆಗೆ ಬೇಡ" ಎಂದು ಮೆಲ್ಲಗೆ ಹೇಳಿದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ಆಮೇಲೆ ನಮ್ಮವರು ಮಾಡಿದ್ದನ್ನು ಇಡೀ ಹಾಲು ನೋಡಿತು. ಎದುರಿಗೆ ಎಂಟು ಜನ ಶಾಸಕರು ಕೂತಿದ್ದಾರೆ. ಇವರು ಅವರನ್ನು ಬಿಟ್ಟು, ಎಡಕ್ಕೆ ತಿರುಗಿ, ಮೊದಲ ಕುರ್ಚಿಯಲ್ಲಿದ್ದ ಕರ್ನಲ್ ಅವರನ್ನು ಕೇಳಿದರು, "ಸಾರ್, ಮಾತಾಡಬಹುದಾ?"

ಹಾಲಿನಲ್ಲಿ ಕಿಸಕ್ಕೆಂದು ಯಾರೋ ನಕ್ಕರು. ಕರ್ನಲ್ ನಗಲಿಲ್ಲ. ಅವರ ಮುಖದ ಬಣ್ಣ ಬದಲಾಯಿತು. ಬೆಳಿಗ್ಗೆ ತಾವು ಏನು ಮಾಡಿದೆವು ಎಂಬುದು ಆಗ ಅವರಿಗೆ ಹೊಳೆಯಿತೆಂದು ನಾನು ಇವತ್ತಿಗೂ ನಂಬಿದ್ದೇನೆ. ಕುರ್ಚಿಯ ಕೈ ಹಿಡಿದು ಎದ್ದು ನಿಂತು, ಪರೇಡ್ ಮೈದಾನದ ಕೊನೆಗೂ ಕೇಳಿಸುವಂಥ ಗಂಟಲಿನಲ್ಲಿ ಕೂಗಿದರು.

"ಹವಾಲ್ದಾರ್! ರಿಪೋರ್ಟ್!"

ನಮ್ಮವರ ಹಿಮ್ಮಡಿಗಳು ಕೂಡಿಕೊಂಡವು. ಕಾಗದ ತೆಗೆಯಲಿಲ್ಲ. ಗಂಟಲು ಸರಿ ಮಾಡಿಕೊಳ್ಳಲಿಲ್ಲ. ನಾನು ಬಾಯಿಪಾಠ ಮಾಡಿದ್ದ ಭಾಷಣದ ಒಂದು ಸಾಲೂ ಅದರಲ್ಲಿರಲಿಲ್ಲ.

"ಬರ್ಕೊಳ್ಳಲಿ ಸಾರ್. ಡಾಕ್ಟರ್ ಚೀಟಿ ಇದ್ದೋರಿಗೆ ಇಂಜೆಕ್ಷನ್ ಹಾಕಿದೀನಿ. ಗಾಯ ತೊಳೆದು ಕಟ್ಟಿದೀನಿ. ಮಲಗಿದಲ್ಲೇ ಇರೋ ಮುದುಕರಿಗೆ ಟ್ಯೂಬ್ ಬದಲಾಯಿಸಿದೀನಿ. ಕಾನೂನು ಪ್ರಕಾರ ತಪ್ಪು ಅಂತ ಗೊತ್ತು. ಬಾಗಿಲಿಗೆ ಬಂದ ಪೇಷಂಟನ್ನ ವಾಪಸ್ ಕಳಿಸೋದು ನನಗೆ ಯಾರೂ ಕಲಿಸಿಲ್ಲ ಸಾರ್. ಸರಿಯಾಗಿ ಮಾಡೋಕೆ ದಾರಿ ಕೊಡಿ. ತರಬೇತಿಗೆ ಹೋಗ್ತೀನಿ, ಪರೀಕ್ಷೆ ಬರೀತೀನಿ. ಫೇಲಾದ್ರೆ ಗೇಟಿಗೆ ವಾಪಸ್ ಹೋಗ್ತೀನಿ. ಸೈನ್ಯ ನನ್ನನ್ನ ಬಿಟ್ಟಿದ್ದು ನಲವತ್ತೆರಡಕ್ಕೆ. ಆಗ ಈ ಕಾನೂನು ಇರ್ಲಿಲ್ಲ. ಈಗ ಕಾನೂನು ಬರ್ತಿದೆ, ನನಗೆ ನಲವತ್ತಾರು. ಹೊರಗೆ ಬಂದ ದಿನದ ವಯಸ್ಸು ನೋಡಿ ಅಂತ ಮಾತ್ರ ಕೇಳ್ತೀನಿ. ರಿಪೋರ್ಟ್ ಮುಗೀತು ಸಾರ್."

ಡಾಕ್ಟರ್ ಶಾಸಕಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು.

"ಆವತ್ತು ಗಾಡಿಯಲ್ಲಿ ಹೊಕ್ಕುಳಬಳ್ಳಿ ಯಾವುದರಿಂದ ಕತ್ತರಿಸಿದಿರಿ?"

ಇದು ಪರೀಕ್ಷೆ ಎಂದು ನನಗೆ ಗೊತ್ತಾಯಿತು.

"ಕತ್ತರಿಸಲಿಲ್ಲ ಮೇಡಂ. ಸ್ಟೆರೈಲ್ ಬ್ಲೇಡ್ ಇರ್ಲಿಲ್ಲ. ಮಗು ಅತ್ತ ಮೇಲೆ ಒರೆಸಿ, ತಾಯಿ ಎದೆ ಮೇಲೆ ಮಲಗಿಸಿ, ಬಟ್ಟೆ ಹೊದಿಸಿ, ಬಳ್ಳಿ ಸಮೇತ ಹಾಗೇ ಆಸ್ಪತ್ರೆಗೆ ತಂದ್ವಿ. ಅಲ್ಲಿ ಕತ್ತರಿಸಿದ್ರು."

ಶಾಸಕಿ ಪಕ್ಕದಲ್ಲಿದ್ದ ಅಧ್ಯಕ್ಷರ ಕಡೆ ಬಾಗಿ, ಮೈಕು ಆನ್ ಇರುವುದನ್ನು ಮರೆತು, "ನಮ್ಮ ಹೌಸ್ ಸರ್ಜನ್‌ಗಳು ಗಾಬರಿಯಲ್ಲಿ ಕತ್ತರಿಸಿಬಿಡ್ತಾರೆ" ಎಂದರು. ಅಧ್ಯಕ್ಷರು ಮಸೂದೆಯ ಪುಟ ತಿರುಗಿಸಿ, ಹಳದಿ ಚೀಟಿ ಕಿತ್ತು ಬೇರೆ ಸಾಲಿನ ಪಕ್ಕ ಅಂಟಿಸಿದರು. ಯಾವ ಸಾಲು ಎಂದು ನನಗೆ ಕಾಣಿಸಲಿಲ್ಲ. ಕಾಣಿಸಲೆಂದು ನಾನು ತುದಿಗಾಲಿನ ಮೇಲೆ ನಿಂತಿದ್ದಂತೂ ನಿಜ.

ವಾಪಸ್ ಬರುವಾಗ ಕರ್ನಲ್ ತಮ್ಮ ಕಾರು ಬಿಟ್ಟು ನನ್ನ ಆಪೆ ಹತ್ತಿದರು. ಸುಂಟಿಕೊಪ್ಪದ ಹತ್ತಿರ ಹಿಂದಿನಿಂದ ಅವರ ದನಿ ಕೇಳಿತು. "ನಾನು ತುಂಬ ಹೊತ್ತು ಮಾತಾಡಿದೆ. ಮುಂದಿನ ಸಲ ಪಟ್ಟಿ ನೀನೇ ಬರಿಯಮ್ಮ." ನಾನು ಹಿಂತಿರುಗಿ ನೋಡದೆ, "ಬರೀತಿನಿ ಸಾರ್, ನಿಮ್ಮನ್ನ ಕೊನೆಗೆ ಹಾಕ್ತಿನಿ" ಎಂದೆ. ಅವರು ಜೋರಾಗಿ ನಕ್ಕರು. ಅವರು ನಕ್ಕ ಮೇಲೆ ಉಳಿದವರೂ ನಕ್ಕರು.

ಆದರೆ ಮನೆಯಲ್ಲಿ ನನಗೆ ನಗು ಬರುತ್ತಿರಲಿಲ್ಲ. ಇಲಾಖೆಯಿಂದ ನೋಟಿಸು ಬರುತ್ತದೆ ಎಂದು ದಿನವೂ ಕಾದೆ. ಪೋಸ್ಟ್‌ಮ್ಯಾನ್ ಸೈಕಲ್ ಕಂಡರೆ ಗಾಡಿ ತಿರುಗಿಸಿಕೊಂಡು ಹೋಗುವಷ್ಟು ಹೆದರಿದ್ದೆ. ನನ್ನ ಬಾಯಿಂದ ಅವರು ಜೈಲು ಕಂಡರೆ ನಾನು ಯಾವ ಮುಖ ಹೊತ್ತು ಬದುಕಲಿ? ಅವರು ಮಾತ್ರ ಎಂದಿನಂತೆ ಗೇಟಿಗೆ ಹೋಗಿ ಬರುತ್ತಿದ್ದರು. "ಕೇಳಿದ್ರು, ಹೇಳ್ದೆ. ಮುಗೀತಲ್ಲ" ಎನ್ನುತ್ತಿದ್ದರು. ನೋಟಿಸು ಬರಲೇ ಇಲ್ಲ.

ಅಧಿವೇಶನ ಶುರುವಾಯಿತು. ನಮ್ಮ ಮಸೂದೆ ಬರುವ ದಿನ ಸ್ಟ್ಯಾಂಡಿನಲ್ಲಿ ಒಂದು ಗಾಡಿಯೂ ಬಾಡಿಗೆಗೆ ಹೋಗಲಿಲ್ಲ. ನನ್ನ ಆಪೆಯ ಗಾಜಿಗೆ ಮೊಬೈಲ್ ಒರಗಿಸಿ, ಹನ್ನೆರಡು ಜನ ಒಬ್ಬರ ಹೆಗಲ ಮೇಲೆ ಒಬ್ಬರು ಬಿದ್ದು ನೋಡಿದೆವು. ಕ್ರಿಕೆಟ್ ಫೈನಲ್ಲಿಗೂ ಅಷ್ಟು ಜನ ಸೇರಿರಲಿಲ್ಲ. ಸಭಾಧ್ಯಕ್ಷರು ಪಟಪಟ ಓದುತ್ತಾ ಹೋದರು, ಇಂಥ ಖಂಡ, ಸಮಿತಿ ಸೂಚಿಸಿದ ತಿದ್ದುಪಡಿಯೊಂದಿಗೆ, ಪರವಾಗಿರುವವರು ಹೌದು ಎನ್ನಿ. ಅಲ್ಲಿ "ಹೌದು" ಎಂಬ ಗದ್ದಲ. ಇಲ್ಲಿ ಸ್ಟ್ಯಾಂಡಿನಲ್ಲಿ ನಾವು "ಹೌದು!" ಎಂದು ಕಿರುಚಿದ್ದಕ್ಕೆ ಎದುರಿನ ಬೇಕರಿಯವನು ಹೊರಗೆ ಓಡಿ ಬಂದ. ಒಂದು ಟೀ ಕುಡಿಯುವ ಹೊತ್ತಿನಲ್ಲಿ ಎಲ್ಲ ಮುಗಿದುಹೋಯಿತು. ಮುಗಿದ ಮೇಲೆ ಎಲ್ಲರೂ ಮುಖ ಮುಖ ನೋಡಿಕೊಂಡೆವು. ಯಾವ ತಿದ್ದುಪಡಿ? ವಯಸ್ಸು ಬದಲಾಯಿತಾ, ಇಲ್ಲವಾ? ಯಾರಿಗೂ ಗೊತ್ತಿರಲಿಲ್ಲ!

ಸಂಜೆಯ ಹೊತ್ತಿಗೆ ಕರ್ನಲ್ ಫೋನ್ ಮಾಡಿದರು. ತಿದ್ದಿದ ಪ್ರತಿ ಅವರಿಗೆ ಸಿಕ್ಕಿತ್ತು. "ಸೈನ್ಯದಿಂದ ಬಿಡುಗಡೆಯಾದ ದಿನಾಂಕದಂದು" ಎಂಬ ಮೂರು ಪದಗಳನ್ನು ಅವರು ಎರಡೆರಡು ಸಲ ಓದಿ ಹೇಳಿದರು. ನಾನು ಸ್ಟ್ಯಾಂಡಿನ ಮಧ್ಯೆ ನಿಂತು ಅತ್ತೆ. ತೈಲದ ಮಸೂದೆ ಮಾತ್ರ ಸಮಿತಿಯಲ್ಲೇ ಉಳಿದಿತ್ತು, ಇವತ್ತಿಗೂ ಅಲ್ಲೇ ಇದೆ. "ಅಕ್ಕನ ಗಂಡ ಗೆದ್ದ, ನಮ್ಮ ಡೀಸೆಲ್ ಸೋತಿತು" ಎಂದು ಹುಡುಗರು ಈಗಲೂ ಆಡಿಕೊಳ್ಳುತ್ತಾರೆ. ಆಡಿಕೊಳ್ಳಲಿ, ಅವರಿಗೆ ಆ ಹಕ್ಕಿದೆ.

ಅವರು ಆರು ತಿಂಗಳು ತರಬೇತಿಗೆ ಹೋದರು. ಮಕ್ಕಳ ವಯಸ್ಸಿನವರ ಜೊತೆ ಕೂತು ಪರೀಕ್ಷೆ ಬರೆದರು. ಪಾಸಾದರು. ನೋಂದಣಿ ಪತ್ರ ಮನೆಗೆ ಬಂದ ವಾರವೇ ಪಕ್ಕದ ಬೀದಿಯ ಅಜ್ಜಿಯೊಬ್ಬರು ಡಾಕ್ಟರ ಚೀಟಿ, ಇಂಜೆಕ್ಷನ್ ಹಿಡಿದು ಬಂದು ಜಗಲಿಯ ಮೇಲೆ ಕೂತರು. ನಮ್ಮವರು ಕೈ ತೊಳೆದುಕೊಂಡು ಬಂದರು. ನಾನು ಎದ್ದು ಹೋಗಿ ಬೀದಿ ಬಾಗಿಲು ಮುಚ್ಚತೊಡಗಿದೆ. ಅವರು ಸೈನ್ಯದಿಂದ ಬಂದಾಗಿನಿಂದ ಯಾರೇ ಬಂದರೂ ಒಳಗೆ ಕರೆದು, ಬಾಗಿಲು ಹಾಕಿ, ಕಿಟಕಿಗೆ ಟವೆಲ್ ಎಳೆದು, ಬಂದವರು ಹೋಗುವವರೆಗೂ ಬೀದಿಯ ಕಡೆ ಕಿವಿಯಿಟ್ಟು ನಿಲ್ಲುವುದು ನನ್ನ ಕೆಲಸವಾಗಿತ್ತು.

"ಯಾಕೆ ಮುಚ್ತೀಯ?" ಎಂದರು ಅವರು.

ನಾನು ಬಾಗಿಲು ಹಿಡಿದುಕೊಂಡೇ ನಿಂತೆ. ಬೀದಿಯಲ್ಲಿ ಜನ ಓಡಾಡುತ್ತಿದ್ದರು. ಅವರು ಅಜ್ಜಿಯನ್ನು ಒಳಗೆ ಕರೆಯಲಿಲ್ಲ. ಅಲ್ಲೇ ಜಗಲಿಯ ಬೆಳಕಿನಲ್ಲಿ, ಎಲ್ಲರಿಗೂ ಕಾಣುವಂತೆ, ಅವರ ತೋಳು ಒರೆಸಿ ಸೂಜಿ ಹಾಕಿದರು.